ತಪ್ಪು ಬೋಲ್ಟಿನ ಎಣ್ಣೆ

ಅಧ್ಯಾಯ ಏಳು

ಫ್ರೀಜರಿನಿಂದ ತೆಗೆದ ಎರಡೂ ಸೀಸೆಗಳನ್ನು ಒಟ್ಟಿಗೇ ಬಗ್ಗಿಸಿದೆ. ಎಡಗೈಯ ಸೀಸೆಯ ಎಣ್ಣೆ ಒಂದು ಗಳಿಗೆ ಮೀನಮೇಷ ಎಣಿಸಿ ಮೆಲ್ಲಗೆ ಕತ್ತಿನ ಕಡೆಗೆ ಇಳಿಯಿತು. ಬಲಗೈಯದು ಮಿಸುಕಲಿಲ್ಲ.

"ಅತ್ತಿಗೆ, ಕಾರಿಂದ ತೆಗೆದಿದ್ದು ಯಾವುದು?"

ಕೇಳಿದವಳು ನನ್ನ ತಮ್ಮನ ಹೆಂಡತಿ. ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಾಳೆ, ಹಾಗಾಗಿ ಮನೆಯವರಿಗೆಲ್ಲ ಅವಳು ಟೀಚರ್. ಎರಡು ದಿನದಿಂದ ರಜೆ ಹಾಕಿ ನನ್ನ ಬೆನ್ನು ಬಿಡದೆ ಓಡಾಡುತ್ತಿದ್ದಳು.

"ಬಲಗಡೆಯದು," ಎಂದೆ.

"ಅಂದ್ರೆ?"

"ಅಂದ್ರೆ ಇದು ಸಿಂಥೆಟಿಕ್ ಅಲ್ಲ ಕಣೇ. ಸಾದಾ ಎಣ್ಣೆ."

ಅವಳು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದಳು. ದೊಡ್ಡವಳು ನಾನೂ ಕುಸಿದರೆ ಹೇಗೆಂದು ನಿಂತೇ ಇದ್ದೆ.

ಭಾನುವಾರ ಬೆಳಿಗ್ಗೆ ಗುಡ್ಡದ ರೇಸಿಗೆ ಅಭ್ಯಾಸ ಮಾಡುತ್ತಿದ್ದ ಹಸಿರು ಕಾರಿನ ಹಿಂದಿನ ಚಕ್ರಗಳು ಮೂರನೇ ತಿರುವಿನಲ್ಲಿ ಹಿಡಿದುಕೊಂಡವು. ಕಾರು ತಡೆಗೋಡೆಗೆ ಬಡಿಯಿತು, ಓಡಿಸುತ್ತಿದ್ದ ಹುಡುಗಿ ಆಸ್ಪತ್ರೆ ಸೇರಿದಳು, ಕಾರಿನ ಕೆಲಸ ಮಾಡಿಕೊಟ್ಟಿದ್ದ ನನ್ನ ತಮ್ಮ ಠಾಣೆ ಸೇರಿದ. ಈಗ ಮಂಗಳವಾರ ಹತ್ತೂವರೆ. ಬಂಧನ ದಾಖಲಿಸಿದ್ದು ನಿನ್ನೆ ಸಂಜೆ, ಇವತ್ತು ನಾಲ್ಕು ಗಂಟೆಗೆ ಅವನನ್ನು ಕೋರ್ಟಿಗೆ ಹಾಜರುಪಡಿಸುತ್ತೇವೆಂದು ಇನ್ಸ್‌ಪೆಕ್ಟರ್ ಹೇಳಿದ್ದರು. ಹಾಜರಾದರೆ ಗ್ಯಾರೇಜಿಗೆ ಬೀಗ, ಲೈಸೆನ್ಸು ರದ್ದು, ಇಪ್ಪತ್ತೆರಡು ವರ್ಷ ಉಳಿಸಿಕೊಂಡ ಹೆಸರು ಮಣ್ಣುಪಾಲು.

ನನ್ನ ಕೆಲಸ ಎಣ್ಣೆ ಮೂಸುವುದು. ಅಪಘಾತವಾದ ಗಾಡಿಗಳ ಹೊಟ್ಟೆಯಿಂದ ಬಸಿದ ಎಣ್ಣೆ ಪರೀಕ್ಷೆ ಮಾಡಿ, ಒಳಗೆ ಏನಾಗಿರಬಹುದೆಂದು ಹೇಳುತ್ತೇನೆ. ಪೊಲೀಸರು ಬೆನ್ನ ಹಿಂದೆ ನನ್ನನ್ನು ಎಣ್ಣೆ ಮೇಡಂ ಅನ್ನುತ್ತಾರೆ, ಮುಂದೆ ಬರೀ ಮೇಡಂ. ಈ ಸಲ ಸಿಕ್ಕಿಬಿದ್ದವನು ಒಡಹುಟ್ಟಿದವನಾದ್ದರಿಂದ ವರದಿ ಬರೆಯುವ ಅಧಿಕಾರ ನನಗಿರಲಿಲ್ಲ. ಇನ್ಸ್‌ಪೆಕ್ಟರ್ ಹಳೆಯ ಪರಿಚಯದ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಸ್ವಲ್ಪ ಎಣ್ಣೆ ಕೊಟ್ಟಿದ್ದರು, ಅಷ್ಟೇ.

"ನಮ್ಮನೆಯವರು ಗ್ಯಾರೇಜಿನ ಜಾಬ್ ಕಾರ್ಡಲ್ಲಿ ಸಿಂಥೆಟಿಕ್ ಅಂತಲೇ ಬರೆದಿದಾರೆ ಅತ್ತಿಗೆ. ನಾನೇ ನೋಡಿದೀನಿ," ಎಂದಳು ಟೀಚರ್.

"ಅದೇ ಈಗ ಉರುಳಾಗಿರೋದು. ಬರೆದಿದ್ದು ಒಂದು, ಹಾಕಿದ್ದು ಇನ್ನೊಂದು ಅಂತಾರೆ."

ವಿಷಯ ಇಷ್ಟೇ. ಹಿಂದಿನ ಎರಡು ಚಕ್ರಗಳ ನಡುವೆ ಕೂತು ಇಂಜಿನ್ನಿನ ಬಲವನ್ನು ಅವೆರಡಕ್ಕೂ ಹಂಚುವ ಹಲ್ಲುಚಕ್ರಗಳ ಪೆಟ್ಟಿಗೆಯೊಂದಿದೆ, ಡಿಫರೆನ್ಶಿಯಲ್ ಅಂತ. ಸುಮ್ಮನೆ ಆಫೀಸಿಗೆ ಹೋಗಿ ಬರುವ ಕಾರಾದರೆ ಅದಕ್ಕೆ ಯಾವ ಎಣ್ಣೆಯಾದರೂ ನಡೆದೀತು. ಇದು ಗುಡ್ಡ ಹತ್ತಿಳಿಯುವ ಕಾರು. ಆ ಓಟದ ಬಿಸಿಗೆ ಸಾದಾ ಎಣ್ಣೆ ನೀರಾಗುತ್ತದೆ, ಸೀಯುತ್ತದೆ, ಕೊನೆಗೆ ಉಕ್ಕು ಉಕ್ಕನ್ನೇ ತಿಂದು ಹಲ್ಲುಗಳು ಕಚ್ಚಿಕೊಳ್ಳುತ್ತವೆ. ಸಿಂಥೆಟಿಕ್ ಹಾಗಲ್ಲ, ಬಿಸಿಗೂ ಜಗ್ಗುವುದಿಲ್ಲ, ಚಳಿಗೂ ಗಟ್ಟಿಯಾಗುವುದಿಲ್ಲ. ಹೊಸ ಸಿಂಥೆಟಿಕ್ಕಿನ ಸೀಸೆಯ ಜೊತೆ ಫ್ರೀಜರಿನಲ್ಲಿಟ್ಟು ನೋಡಿದ್ದು ಅದಕ್ಕೇ.

ಸೀಸೆಯನ್ನು ಕಿಟಕಿಯ ಬಿಸಿಲಿಗಿಟ್ಟೆ. ಇನ್ನೇನು ಮಾಡುವುದೆಂದು ತೋಚದೆ ಅದನ್ನೇ ನೋಡುತ್ತ ಕೂತೆ. ತಮ್ಮನ ಮೇಲೆ ಸಿಟ್ಟೂ ಬಂತು. ನಿಯತ್ತಿನ ಮನುಷ್ಯ ಅಂತ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದವಳು ನಾನು.

ಎಣ್ಣೆ ಕರಗಿತು. ಕರಗಿದ ಮೇಲೆ ಜೇನಿನ ಬಣ್ಣ ತಿರುಗಿತು.

ಜೇನಿನ ಬಣ್ಣ! ಹಲ್ಲು ಕಚ್ಚಿಕೊಂಡ ಪೆಟ್ಟಿಗೆಯ ಎಣ್ಣೆ ಕಪ್ಪಾಗಿರಬೇಕಿತ್ತು. ಮುಚ್ಚಳ ತೆಗೆದು ಮೂಸಿದೆ. ಗೇರ್ ಎಣ್ಣೆಗೆ ಸಹಜವಾದ ಗಂಧಕದ ವಾಸನೆ ಇತ್ತು. ಸೀದ ವಾಸನೆ ಇರಲಿಲ್ಲ.

"ಟೀಚರ್, ಆ ಟಾರ್ಚ್ ಕೊಡಿಲ್ಲಿ."

ತಳದಲ್ಲಿ ಸಣ್ಣ ಹೊಳಪೊಂದು ಕಂಡಿತು, ಹಳದಿ ಹೊಳಪು. ಸೀಸೆಯ ಹೊರಗೆ ಅಯಸ್ಕಾಂತ ಹಿಡಿದು ನಿಧಾನವಾಗಿ ಮೇಲಕ್ಕೆಳೆದೆ. ಉಕ್ಕಿನ ಪುಡಿಯಾಗಿದ್ದರೆ ಅದರ ಬೆನ್ನು ಹತ್ತಿ ಬರಬೇಕಿತ್ತು. ಆ ಹಳದಿ ಪುಡಿ ಇದ್ದಲ್ಲೇ ಇತ್ತು.

ನನಗೆ ನಗು ಬಂತು. ಮೊದಲು ಸಣ್ಣದಾಗಿ, ಆಮೇಲೆ ಹೊಟ್ಟೆ ಹಿಡಿದುಕೊಳ್ಳುವಷ್ಟು.

"ಅತ್ತಿಗೆ! ಏನಾಯ್ತು ನಿಮಗೆ?" ಟೀಚರ್ ಗಾಬರಿಯಾಗಿ ನೀರು ತಂದಳು.

"ಇದು ಹಿತ್ತಾಳೆ ಕಣೇ. ಆ ಡಿಫರೆನ್ಶಿಯಲ್ ಒಳಗೆ ಬೂದಿ ಹಾಕಿ ತಿಕ್ಕೋಕೆ ಅಂತ ಹುಡುಕಿದ್ರೂ ಹಿತ್ತಾಳೆ ಸಿಗಲ್ಲ. ಅಲ್ಲಿರೋದೆಲ್ಲ ಉಕ್ಕು. ಹಿತ್ತಾಳೆ ಬಳೆ ಇರೋದು ಗೇರ್‌ಬಾಕ್ಸಲ್ಲಿ."

"ಅಂದ್ರೆ ಈ ಎಣ್ಣೆ..."

"ಗೇರ್‌ಬಾಕ್ಸಿಂದು. ಬೇರೆ ಪೆಟ್ಟಿಗೆಯ ಎಣ್ಣೆ ತೆಗೆದು ನಿನ್ನ ಗಂಡನನ್ನ ಒಳಗೆ ಹಾಕಿದಾರೆ. ಚಪ್ಪಲಿ ಹಾಕ್ಕೋ, ಹೊರಡು."

ಅವಳು ನನ್ನನ್ನು ಬಾಚಿ ತಬ್ಬಿಕೊಂಡಳು. ನೀರಿನ ಲೋಟ ನನ್ನ ಬೆನ್ನ ಮೇಲೆ ಖಾಲಿಯಾಯಿತು. ಬೇರೆ ದಿನವಾಗಿದ್ದರೆ ಬೈಯುತ್ತಿದ್ದೆ.

* * *

ಠಾಣೆಯ ಹಿಂದಿನ ಅಂಗಳದಲ್ಲಿ, ತಗಡಿನ ಚಾವಣಿಯ ಕೆಳಗೆ ಒಂದು ಉದ್ದನೆಯ ಗುಂಡಿಯಿದೆ. ಅದರ ಮೇಲೆ ಗಾಡಿ ನಿಲ್ಲಿಸಿ, ಮೆಟ್ಟಿಲಿಳಿದು ಹೋದರೆ ತಲೆಯ ಮೇಲೆ ಗಾಡಿಯ ಹೊಟ್ಟೆ. ಹಸಿರು ಕಾರು ಅಲ್ಲಿತ್ತು. ಮೂತಿ ಚಪ್ಪಟೆಯಾಗಿತ್ತು, ಹಿಂಭಾಗಕ್ಕೆ ಗೀರೂ ಇರಲಿಲ್ಲ.

ವಾಹನ ತಪಾಸಣಾಧಿಕಾರಿ ಕೈಕಟ್ಟಿ ನಿಂತಿದ್ದರು. ಗರಿಗರಿ ಬಿಳಿ ಅಂಗಿ. ಗುಂಡಿಗಿಳಿಯುವ ಮೊದಲು ಮೆಟ್ಟಿಲ ಮೇಲೆ ಕರವಸ್ತ್ರ ಹಾಸಿ, ಅದರ ಮೇಲೆ ಕೈಯೂರಿ ಇಳಿಯುವ ಮನುಷ್ಯ. ಸ್ಯಾಂಪಲ್ ತೆಗೆದವರು ಅವರೇ, ಅದಕ್ಕೆ ಡಿಫರೆನ್ಶಿಯಲ್ ಎಂದು ಚೀಟಿ ಅಂಟಿಸಿದವರೂ ಅವರೇ.

"ಮೂವತ್ತೊಂದು ವರ್ಷ ಸರ್ವಿಸ್ ಮೇಡಂ," ಎಂದರು. "ಯಾವ ಬೋಲ್ಟ್ ಯಾವುದು ಅಂತ ನೀವು ನನಗೆ ಹೇಳಿಕೊಡ್ತೀರಾ?"

"ಹೇಳಿಕೊಡಲ್ಲ. ನೀವು ಬಿಚ್ಚಿದ ಬೋಲ್ಟ್ ಯಾವುದು ಅಂತ ತೋರಿಸಿ, ಸಾಕು."

ಅವರು ಇಳಿದರು. ಹಿಂದೆಯೇ ನಾನು ಇಳಿದೆ. ಇನ್ಸ್‌ಪೆಕ್ಟರ್ ಮೂಗಿಗೆ ಬಟ್ಟೆ ಹಿಡಿದು ಮೇಲೆಯೇ ನಿಂತರು. ಅವರಿಗೆ ಧೂಳು ಕಂಡರೆ ಆಗದು, ದಿನಕ್ಕೆ ನೂರು ಸಲ ಸೀನುತ್ತಾರೆ. ಟೀಚರ್ ಗುಂಡಿಯ ಅಂಚಿಗೆ ಬಂದು ಕುಕ್ಕರಗಾಲಿನಲ್ಲಿ ಕೂತಳು.

ಹಿಂದಿನ ಚಕ್ರಗಳ ಹತ್ತಿರ ಅಲ್ಯೂಮಿನಿಯಂ ಪೆಟ್ಟಿಗೆಗಳೆರಡು ಒಂದಕ್ಕೊಂದು ಅಂಟಿಕೊಂಡಿದ್ದವು. ಎರಡಕ್ಕೂ ತಳದಲ್ಲಿ ಒಂದೇ ತರಹದ ಬೋಲ್ಟು, ನಡುವೆ ಒಂದು ಗೇಣು ಅಂತರ. ಅಧಿಕಾರಿ ಮುಂದಿನದಕ್ಕೆ ಬೆರಳಿಟ್ಟರು.

"ಇದು."

"ಇದು ಡಿಫರೆನ್ಶಿಯಲ್ಲಾ?"

"ಹಿಂದಿನ ಚಕ್ರಗಳ ಹತ್ತಿರ ಇರೋದು ಇನ್ನೇನು? ಗೇರ್‌ಬಾಕ್ಸ್ ಮುಂದೆ ಇಂಜಿನ್ ಬೆನ್ನಿಗೆ ಇರುತ್ತೆ. ಈ ಎರಡನೇ ಪೆಟ್ಟಿಗೆ ಇದರದ್ದೇ ಭಾಗ."

ಮೂವತ್ತೊಂದು ವರ್ಷದ ಅಭ್ಯಾಸ ಅವರಿಂದ ಆ ಮಾತನ್ನು ಆಡಿಸಿತು. ಅವರು ನೋಡಿದ ಸಾವಿರಾರು ಗಾಡಿಗಳಲ್ಲಿ ಅದು ನಿಜವೂ ಆಗಿತ್ತು. ನಾನು ವಾದಕ್ಕಿಳಿಯಲಿಲ್ಲ.

"ಇನ್ಸ್‌ಪೆಕ್ಟರೇ, ಒಂದು ಉಪಕಾರ ಮಾಡಿ. ಕಾರೊಳಗೆ ಕೂತು ಗೇರ್ ಕಡ್ಡಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ."

"ನಾನಾ?"

"ನೀವೇ. ಸೀನೋದು ಆಮೇಲೆ."

ಬಾಗಿಲು ಕಿರುಗುಟ್ಟಿತು, ಸೀಟು ನರಳಿತು. ನಾನು ಅಧಿಕಾರಿಯ ಕೈಯಿಂದ ಟಾರ್ಚ್ ತೆಗೆದುಕೊಂಡು ಕಾರಿನ ಹೊಟ್ಟೆಯುದ್ದಕ್ಕೂ ಬರುವ ಒಂದು ತೆಳ್ಳನೆಯ ಸಲಾಕೆಯ ಮೇಲೆ ಬೆಳಕು ಬಿಟ್ಟೆ. ಮೇಲೆ ಟಕ್ ಎಂದಿತು. ಸಲಾಕೆ ಹಿಂದಕ್ಕೆ ಸರಿಯಿತು. ಮತ್ತೆ ಟಕ್ ಎಂದಿತು, ಸಲಾಕೆ ಮುಂದಕ್ಕೆ ಬಂತು. ಅದರ ತುದಿ ಎಲ್ಲಿಗೆ ಹೋಗಿ ಸೇರುತ್ತದೆಂದು ನೋಡಿದೆವು. ಅಧಿಕಾರಿಯ ಬೆರಳಿದ್ದ ಪೆಟ್ಟಿಗೆಗೇ ಅದು ನುಗ್ಗಿತ್ತು.

ಅವರು ಬೆರಳನ್ನು ಮೆಲ್ಲನೆ ತೆಗೆದರು.

"ತೂಕ ಸರಿಹೊಂದಲಿ ಅಂತ ಈ ಕಾರಿಗೆ ಗೇರ್‌ಬಾಕ್ಸೂ ಹಿಂದೇನೇ ಕೂರಿಸಿದಾರೆ," ಎಂದೆ. "ಮುಂದಿನ ಪೆಟ್ಟಿಗೆ ಗೇರ್‌ಬಾಕ್ಸ್. ಅದರ ಹಿಂದಿನದು ಡಿಫರೆನ್ಶಿಯಲ್. ಹೊರಗೆ ಅಂಟಿಕೊಂಡಿದ್ರೂ ಒಳಗೆ ಒಂದರ ಎಣ್ಣೆ ಇನ್ನೊಂದಕ್ಕೆ ಹೋಗಲ್ಲ."

ಪಾಪ ಅನ್ನಿಸಿತು. ಆದರೆ ಆ ಮನುಷ್ಯ ಸುಲಭಕ್ಕೆ ಸೋಲುವವರಲ್ಲ.

"ಸರಿ ಮೇಡಂ. ತಪ್ಪಾಯ್ತು ಅಂತಲೇ ಇಟ್ಕೊಳ್ಳಿ. ಆದರೂ ಇಂಥ ಕಾರಿನ ಗೇರ್‌ಬಾಕ್ಸಿಗೆ ಸಾದಾ ಎಣ್ಣೆ ಹಾಕ್ತಾರಾ ಯಾರಾದ್ರೂ? ಒಳ್ಳೇದು ಇರುವಾಗ ಕಳಪೆ ಯಾಕೆ? ಅಲ್ಲಿ ಮೋಸ ಮಾಡಿದವನು ಇಲ್ಲಿ ಮಾಡಿರಲ್ವಾ?"

"ಸಿಂಥೆಟಿಕ್ ಎಲ್ಲಾ ಕಡೆಗೂ ಒಳ್ಳೇದು ಅಂತ ಯಾರು ಹೇಳಿದ್ದು ನಿಮಗೆ?"

"ಎಲ್ಲರೂ ಹೇಳ್ತಾರೆ."

"ಎಲ್ಲರೂ ಹೇಳ್ತಾರೆ, ಈ ಕಾರಿನ ಪುಸ್ತಕ ಹೇಳಲ್ಲ. ಗೇರ್ ಬದಲಾಯಿಸುವಾಗ ಒಳಗಿನ ಹಿತ್ತಾಳೆ ಬಳೆ ಪಕ್ಕದ ಚಕ್ರವನ್ನ ಒತ್ತಿ ಹಿಡಿದು ವೇಗ ಸಮ ಮಾಡಬೇಕು. ಹಿಡಿಯೋಕೆ ಸ್ವಲ್ಪ ಒರಟುತನ ಬೇಕು. ಎಣ್ಣೆ ತೀರಾ ಜಾರಿದ್ರೆ ಬಳೆ ಹಿಡಿಯಲ್ಲ, ಗೇರ್ ಕರಕರ ಅನ್ನುತ್ತೆ. ಹೋದ ವರ್ಷ ಹಾಗೇ ಆಗಿತ್ತು. ಆ ಹುಡುಗೀನೇ ಬಂದು, ಸಿಂಥೆಟಿಕ್ ತೆಗೆದುಬಿಡಿ ಅಂತ ಹೇಳಿ ಹೋಗಿದ್ಲು. ಅದೂ ಜಾಬ್ ಕಾರ್ಡಲ್ಲಿದೆ, ಹಿಂದಿನ ಪುಟ ತಿರುಗಿಸಿ."

ಮೇಲೆ ಫೈಲಿನ ಹಾಳೆ ತಿರುಗಿಸಿದ ಸದ್ದಾಯಿತು. ಇನ್ಸ್‌ಪೆಕ್ಟರ್ ಓದಿದರು: "ಗೇರ್‌ಬಾಕ್ಸ್, ಸಾದಾ. ಡಿಫರೆನ್ಶಿಯಲ್, ಸಿಂಥೆಟಿಕ್." ಆಮೇಲೆ ಮೂರು ಸಲ ಸೀನಿದರು.

"ಒಂದೇ ಕಾರಿಗೆ ಎರಡು ಬಗೆ ಎಣ್ಣೆ!" ಅಧಿಕಾರಿ ತಲೆಯಾಡಿಸಿದರು. ಆ ದನಿಯಲ್ಲಿ ಸಿಟ್ಟು ಇಳಿದು ಕುತೂಹಲ ಬಂದಿತ್ತು. "ಇದನ್ನ ನಿಮ್ಮ ತಮ್ಮ ಯಾಕೆ ಹೇಳಲಿಲ್ಲ?"

"ಹೇಳಿದ್ನಂತೆ, ಈಗ ಇಲ್ಲಿಗೆ ಬಂದಾಗ ಗೊತ್ತಾಯ್ತು. ನೀವು, ಬಾಯಿ ಮುಚ್ಚು ಅಂದ್ರಂತೆ."

ಅವರು ಕೆಮ್ಮಿ, ಅಂಗಿಯ ತೋಳು ಮಡಿಸಿದರು. "ಹಿಂದಿನ ಬೋಲ್ಟ್ ಬಿಚ್ಚೋಣ."

"ತಡೀರಿ. ಮುಟ್ಟೋ ಮೊದಲು ಫೋಟೋ ತೆಗೀರಿ. ಕೆಳಗಿನ ಬೋಲ್ಟಿಂದು, ಮೇಲೆ ಎಣ್ಣೆ ತುಂಬೋ ಬೋಲ್ಟಿಂದು, ಎರಡೂ."

ಈ ಒಂದು ವಿಷಯದಲ್ಲಿ ನಾನು ಸಾಯುವವರೆಗೂ ಹಠಮಾರಿ. ಅವರು ಗೊಣಗುತ್ತ ಫೋಟೋ ತೆಗೆದು, ಸ್ಪ್ಯಾನರ್ ಹಾಕಿ, ಕೈಯಿಂದ ಬೋಲ್ಟ್ ತಿರುಗಿಸತೊಡಗಿದರು. ನಾನು ಕೆಳಗೆ ಬಿಳಿ ತಟ್ಟೆ ಹಿಡಿದೆ. ಸಿಂಥೆಟಿಕ್ ಎಣ್ಣೆ ಎಷ್ಟೇ ಕಪ್ಪಾಗಿ ಬಂದರೂ ಸರಿ, ಫ್ರೀಜರಿನಲ್ಲಿ ಹರಿದರೆ ಸಾಕು, ತಮ್ಮ ಮನೆಗೆ ಬರುತ್ತಾನೆ.

ಬೋಲ್ಟ್ ಕೈಗೆ ಬಂತು.

ತಟ್ಟೆಯಲ್ಲಿ ಒಂದು ಹನಿ ಬಿತ್ತು. ಇನ್ನೊಂದು ಬಿತ್ತು. ಮೂರನೆಯದು ಬಾಯಂಚಿನಲ್ಲೇ ನೇತಾಡುತ್ತ ನಿಂತಿತು.

"ಅತ್ತಿಗೆ, ಬಂತಾ?" ಟೀಚರ್ ಬಗ್ಗಿ ಕೇಳಿದಳು.

ನಾನು ಬೋಲ್ಟಿನ ತೂತಿಗೆ ಬೆರಳು ತೂರಿಸಿದೆ. ಒಳಗೆ ಸುಟ್ಟ ಪುಡಿ, ಚೂಪು ಚೂರುಗಳು, ಒಣ ಉಕ್ಕು. ಒಂದೂಕಾಲು ಲೀಟರ್ ಎಣ್ಣೆ ಇರಬೇಕಾದ ಜಾಗದಲ್ಲಿ ಒಂದು ಚಮಚವೂ ಇರಲಿಲ್ಲ. ಪೆಟ್ಟಿಗೆ ಎಲ್ಲೂ ಬಿರುಕು ಬಿಟ್ಟಿರಲಿಲ್ಲ, ಹೊರಮೈ ಮೇಲೆ ಸೋರಿದ ಕಲೆಯೂ ಇರಲಿಲ್ಲ.

"ಮರೆತಿದಾನೆ," ಎಂದರು ಅಧಿಕಾರಿ. ಗೆದ್ದ ಜಂಬ ಆ ಮಾತಿನಲ್ಲಿರಲಿಲ್ಲ. "ಹಳೇದು ಬಸಿದು, ಹೊಸದು ಹಾಕೋಕೆ ಮರೆತಿದಾನೆ. ಆಗುತ್ತೆ ಮೇಡಂ. ಯಾವುದೋ ಫೋನ್ ಬಂದಿರುತ್ತೆ, ಯಾರೋ ಕರೆದಿರ್ತಾರೆ. ದೊಡ್ಡ ದೊಡ್ಡವರಿಗೂ ಆಗಿದೆ."

ನಾನು ಮೆಟ್ಟಿಲ ಮೇಲೆ, ಅವರ ಕರವಸ್ತ್ರದ ಮೇಲೆಯೇ ಕೂತುಬಿಟ್ಟೆ. ತಪ್ಪು ಎಣ್ಣೆ ಹಾಕಿದ್ದಕ್ಕಿಂತ ಇದು ಕೆಟ್ಟದ್ದು. ಎಣ್ಣೆಯನ್ನೇ ಹಾಕದೆ ಒಂದು ಹುಡುಗಿಯನ್ನು ಗುಡ್ಡ ಹತ್ತಿಸಿದವನಿಗೆ ಯಾವ ಕೋರ್ಟು ಕರುಣೆ ತೋರಿಸೀತು? ನಾನೇ ಬಂದು, ನಾನೇ ಬಿಚ್ಚಿಸಿ, ತಮ್ಮನ ಕುತ್ತಿಗೆಗೆ ನಾನೇ ಹಗ್ಗ ಬಿಗಿದ ಹಾಗಾಯಿತು.

"ಫೋಟೋ ನೋಡೋಣ," ಎಂದಳು ಟೀಚರ್ ಮೇಲಿನಿಂದ. ಅವಳ ದನಿ ನಡುಗುತ್ತಿತ್ತು, ಆದರೆ ಬುದ್ಧಿ ನಡುಗಿರಲಿಲ್ಲ. "ಅವರು ಬಿಗಿ ಮಾಡಿದ ಮೇಲೆ ಗೆರೆ ಎಳೀತಾರೆ ಅತ್ತಿಗೆ. ಪ್ರತಿ ಬೋಲ್ಟಿಗೂ."

ಥೂ ನನ್ನ ಬುದ್ಧಿಗಿಷ್ಟು! ಅವನ ಗ್ಯಾರೇಜಿನ ಪದ್ಧತಿ ಅದು. ಬೋಲ್ಟ್ ಪೂರ್ತಿ ಬಿಗಿಯಾದ ಮೇಲೆ, ಬೋಲ್ಟಿನ ತಲೆಯಿಂದ ಪೆಟ್ಟಿಗೆಯ ಮೈವರೆಗೆ ಬಿಳಿ ಬಣ್ಣದಲ್ಲಿ ಒಂದು ನೇರ ಗೆರೆ. ಆಮೇಲೆ ಯಾರಾದರೂ ಕೂದಲೆಳೆಯಷ್ಟು ತಿರುಗಿಸಿದರೂ ಗೆರೆ ತುಂಡಾಗಿ ಕಾಣುತ್ತದೆ. ಇನ್ನೊಂದು ಪದ್ಧತಿಯೂ ಇದೆ, ಅದನ್ನು ಎಲ್ಲ ಒಳ್ಳೆಯ ಮೆಕ್ಯಾನಿಕ್ಕುಗಳೂ ಪಾಲಿಸುತ್ತಾರೆ. ಎಣ್ಣೆ ಬಸಿಯುವ ಕೆಳಗಿನ ಬೋಲ್ಟಿಗೆ ಕೈ ಹಾಕುವ ಮೊದಲು, ತುಂಬುವ ಮೇಲಿನ ಬೋಲ್ಟ್ ಬಿಚ್ಚಿ ನೋಡಬೇಕು. ಅದು ತುಕ್ಕು ಹಿಡಿದು ಕೂತಿದ್ದರೆ, ಬಸಿದ ಮೇಲೆ ತುಂಬಲು ದಾರಿಯಿಲ್ಲದೆ ಖಾಲಿ ಪೆಟ್ಟಿಗೆ ಇಟ್ಟುಕೊಂಡು ಬಾಯಿ ಬಾಯಿ ಬಿಡಬೇಕಾಗುತ್ತದೆ.

ಅಧಿಕಾರಿ ಫೋನ್ ತೆಗೆದು ಫೋಟೋ ದೊಡ್ಡದು ಮಾಡಿದರು. ನಾವಿಬ್ಬರೂ ತಲೆಗೆ ತಲೆ ತಾಗಿಸಿ ನೋಡಿದೆವು.

ಕೆಳಗಿನ ಬೋಲ್ಟಿನ ಗೆರೆ ತುಂಡಾಗಿತ್ತು. ಬೋಲ್ಟಿನ ಮೇಲಿನ ತುಂಡು ಒಂದು ಕಡೆ, ಪೆಟ್ಟಿಗೆಯ ಮೇಲಿನ ತುಂಡು ಇನ್ನೊಂದು ಕಡೆ, ನಡುವೆ ಹೆಬ್ಬೆರಳಿನಗಲ ಜಾಗ. ಮೇಲಿನ ಬೋಲ್ಟಿನ ಗೆರೆ ನೇರವಾಗಿತ್ತು. ಅದರ ಮೇಲೆ ಗುಡ್ಡದ ರಸ್ತೆಯ ಕೆಂಪು ಧೂಳು ಪದರವಾಗಿ ಕೂತಿತ್ತು.

"ಅವನು ಬಿಗಿ ಮಾಡಿ ಗೆರೆ ಎಳೆದ ಮೇಲೆ ಯಾರೋ ಕೆಳಗಿನದು ಬಿಚ್ಚಿದಾರೆ," ಎಂದರು ಅಧಿಕಾರಿ ನಿಧಾನವಾಗಿ. "ಮೇಲಿನದು ಮುಟ್ಟೇ ಇಲ್ಲ."

"ಮುಂದೆ ಹೇಳಿ. ನಿಮ್ಮದು ಮೂವತ್ತೊಂದು ವರ್ಷ."

ಅವರು ನನ್ನ ಮುಖ ನೋಡಿದರು. "ಮೇಲಿನದು ಬಿಚ್ಚದೆ ಎಣ್ಣೆ ತುಂಬೋಕೆ ಆಗಲ್ಲ. ಅಂದ್ರೆ ಬಸಿದವನಿಗೆ ತುಂಬೋ ಯೋಚನೇನೇ ಇರಲಿಲ್ಲ."

ಮೇಲೆ ಇನ್ಸ್‌ಪೆಕ್ಟರಿಗೆ ಸೀನು ಕೂಡ ನಿಂತುಹೋಗಿತ್ತು.

"ನಿಮ್ಮ ತಮ್ಮನೇ ಯಾಕೆ ಬಿಚ್ಚಿರಬಾರದು?" ಅವರೇ ಮೇಲಿನಿಂದ ಕೇಳಿದರು. ಅವರ ಕೆಲಸ ಅದು, ನಾನು ಬೇಸರ ಮಾಡಿಕೊಳ್ಳಲಿಲ್ಲ.

"ಕಾರು ಅವನ ಗ್ಯಾರೇಜ್ ಬಿಟ್ಟಿದ್ದು ಗುರುವಾರ. ಶುಕ್ರವಾರ, ಶನಿವಾರ ಆ ಹುಡುಗಿ ನಲವತ್ತು ಸುತ್ತು ಗುಡ್ಡ ಹತ್ತಿ ಇಳಿದಿದಾಳೆ. ಶನಿವಾರ ಕೊನೇ ಸುತ್ತು ಮುಗಿದಾಗ ಸಂಜೆ ಆರು ಗಂಟೆ. ಎಣ್ಣೆ ಇಲ್ಲದ ಪೆಟ್ಟಿಗೆ ನಲವತ್ತಲ್ಲ, ನಾಲ್ಕು ಸುತ್ತೂ ತಾಳಲ್ಲ. ಹಾಗಾದ್ರೆ ಬಸಿದಿದ್ದು ಶನಿವಾರ ಆರರ ಮೇಲೆ, ಭಾನುವಾರ ಬೆಳಿಗ್ಗೆ ಒಳಗೆ. ಕಾರು ಆಗ ರೇಸ್ ಕ್ಲಬ್ಬಿನ ಶೆಡ್ಡಲ್ಲಿತ್ತು."

"ನಿಮ್ಮ ತಮ್ಮ ಎಲ್ಲಿದ್ರು?"

ಟೀಚರ್ ಎದ್ದು ನಿಂತಳು. "ನಮ್ಮ ಶಾಲೆ ಬಸ್ಸಲ್ಲಿ ಸಾರ್! ಡ್ರೈವರಿಗೆ ಜ್ವರ ಅಂತ ಪ್ರವಾಸಕ್ಕೆ ಇವರೇ ಬಸ್ ಓಡಿಸಿದ್ದು. ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ಹೊರಟು ಭಾನುವಾರ ಮಧ್ಯಾಹ್ನ ಬಂದ್ವಿ. ನಾನೂ ಇದ್ದೆ. ಹೆಡ್‌ಮಿಸ್ ಇದ್ರು. ಐವತ್ತೆರಡು ಮಕ್ಕಳಿದ್ರು. ದಾರಿಯುದ್ದಕ್ಕೂ ಒಂಬತ್ತು ಮಕ್ಕಳು ವಾಂತಿ ಮಾಡಿಕೊಂಡ್ರು, ಪ್ರತಿ ಸಲ ಇವರೇ ಬಸ್ ನಿಲ್ಲಿಸಿದ್ದು!"

ಒಂಬತ್ತು ವಾಂತಿಯ ಲೆಕ್ಕ ಕೇಳಿ ಇನ್ಸ್‌ಪೆಕ್ಟರ್ ನಕ್ಕುಬಿಟ್ಟರು. ಅಧಿಕಾರಿಯೂ ನಕ್ಕರು. ನಾನು ನಗಲಿಲ್ಲ, ಅಳು ಬಂತು. ಎಣ್ಣೆ ಮೆತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡೆ, ಮುಖವೆಲ್ಲ ಕಪ್ಪಾಯಿತಂತೆ.

"ಮೇಡಂ," ಎಂದರು ಅಧಿಕಾರಿ, ನನ್ನಡಿಯ ಕರವಸ್ತ್ರ ತೋರಿಸಿ. "ಹೇಗೂ ಹಾಳಾಗಿದೆ. ಒರೆಸ್ಕೊಳ್ಳಿ."

* * *

ಇನ್ಸ್‌ಪೆಕ್ಟರ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಗಂಟೆ ಎರಡೂವರೆ. ಮೇಜಿನ ಮೇಲೆ ಅಧಿಕಾರಿಯ ಹೊಸ ವರದಿ ಇತ್ತು. ತಪ್ಪು ಬೋಲ್ಟ್ ಬಿಚ್ಚಿದ್ದು ತಾನೇ ಎಂದು ಮೊದಲ ಸಾಲಿನಲ್ಲೇ ಒಪ್ಪಿಕೊಂಡಿದ್ದರು. ಆ ಮನುಷ್ಯನ ಬಗ್ಗೆ ನನಗಿದ್ದ ಮುನಿಸು ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ದೂರು ಕೊಟ್ಟಿದ್ದ ಹಲ್ಲಿನ ಡಾಕ್ಟರು, ಆ ಹುಡುಗಿಯ ಅಪ್ಪ.

"ಕಣ್ಣು ಬಿಟ್ಲು! ಮಾತಾಡ್ತಿದಾಳೆ!" ಅವರು ಕೂಗಿದ್ದು ನಮಗೆಲ್ಲ ಕೇಳಿಸಿತು. "ಅಪಾಯ ಇಲ್ಲ ಅಂದ್ರು. ಕಾಲಿನ ಮೂಳೆ ಒಂದು ಮುರಿದಿದೆ, ಕೂಡುತ್ತೆ. ಮೊದಲು ಕೇಳಿದ್ದೇನು ಗೊತ್ತಾ? ನನ್ನ ಕಾರು ಹೇಗಿದೆ ಅಂತ!"

ಇನ್ಸ್‌ಪೆಕ್ಟರ್ ವಿಷಯ ತಿಳಿಸಿದರು.

"ಆ ಮೆಕ್ಯಾನಿಕ್‌ಗೆ ಹೇಳಿ," ಎಂದರು ಡಾಕ್ಟರು, "ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ಬಂದು ಕ್ಷಮೆ ಕೇಳ್ತೀನಿ."

ತಮ್ಮನನ್ನು ಕರೆತಂದರು. ಎರಡು ದಿನದ ಗಡ್ಡ, ಸುಕ್ಕಾದ ಅಂಗಿ. ಬಾಗಿಲಲ್ಲೇ ನಿಂತು ನಮ್ಮಿಬ್ಬರ ಮುಖ ನೋಡಿದ. ಟೀಚರ್ ಹೌದೆಂದು ತಲೆಯಾಡಿಸಿದಳು. ಅವನಿಗೆ ಅರ್ಥವಾಯಿತು. ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರು ಬಿಟ್ಟ.

"ಹುಡುಗಿ?" ಎಂದ.

"ಎದ್ದಿದಾಳೆ ಕಣೋ. ಕಾರು ಕೇಳ್ತಿದಾಳೆ," ಎಂದೆ.

ಅವನು ನಕ್ಕ. ಆ ನಗು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಟೀಚರ್ ಅವನನ್ನು ಕೂರಿಸಿ, ಪಕ್ಕದ ಕುರ್ಚಿಯಲ್ಲಿ ತಾನೂ ಕೂತು, ಅವನ ಅಂಗಿಯ ಗುಂಡಿ ಸರಿಮಾಡಿದಳು. ಯಾರೋ ಟೀ ತಂದಿಟ್ಟರು. ಇನ್ಸ್‌ಪೆಕ್ಟರ್ ಬಿಡುಗಡೆಯ ಕಾಗದ ಬರೆಯುತ್ತ, ಗೆರೆಯ ಕಥೆ, ಖಾಲಿ ಪೆಟ್ಟಿಗೆಯ ಕಥೆ ಎಲ್ಲ ಹೇಳಿದರು. ತಮ್ಮ ಕೇಳುತ್ತ ಕೇಳುತ್ತ ಟೀ ಕುಡಿಯುವುದನ್ನು ನಿಲ್ಲಿಸಿದ.

"ಬೇಕಂತಲೇ ಬಸಿದಿದಾರಾ?"

"ಹೌದು. ಇನ್ನು ಇದು ಬರೀ ಅಪಘಾತ ಅಲ್ಲ, ಕೊಲೆ ಯತ್ನ. ಆ ಶೆಡ್ಡಿಗೆ ಹೋಗಿಬಂದವರನ್ನೆಲ್ಲ ಇವತ್ತೇ ಕರೆಸ್ತೀನಿ," ಎಂದು ಇನ್ಸ್‌ಪೆಕ್ಟರ್ ಪ್ಲಾಸ್ಟಿಕ್ ಚೀಲವೊಂದನ್ನು ಮುಂದೆ ತಳ್ಳಿದರು. "ಇದು ಆ ಬೋಲ್ಟು. ನೀವು ಹಾಕಿದ್ದು ಇದೇನಾ ಅಂತ ನೋಡಿ ಹೇಳಿ. ಹೇಳಿ ಮನೆಗೆ ಹೊರಡಿ."

ತಮ್ಮ ಚೀಲವನ್ನು ಬೆಳಕಿಗೆ ಹಿಡಿದ.

ಬೋಲ್ಟಿನ ಸುರುಳಿಯ ಸುತ್ತ ತೆಳ್ಳನೆಯ ಬಿಳಿ ಟೇಪು ಅಂಟಿಕೊಂಡಿತ್ತು. ನಲ್ಲಿಗೆ ಸುತ್ತುತ್ತಾರಲ್ಲ, ಅದು. ಗುಂಡಿಯ ಕತ್ತಲಲ್ಲಿ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಎಣ್ಣೆ ಸೋರದಂತೆ ಕಾರಿನ ಬೋಲ್ಟಿಗೆ ತಾಮ್ರದ ಉಂಗುರ ಹಾಕುತ್ತಾರೆ, ಟೇಪು ಸುತ್ತುವವರನ್ನು ನಾನು ಕಂಡಿಲ್ಲ.

ಅವನು ಅಂಥವರೊಬ್ಬರನ್ನು ಕಂಡಿದ್ದ. ಅದು ಅವ‌ನ ಮುಖದಲ್ಲೇ ತಿಳಿಯಿತು. ಈಗಷ್ಟೇ ಬಂದಿದ್ದ ಕಳೆ ಇಳಿದುಹೋಯಿತು. ಹೆಬ್ಬೆರಳಿನಿಂದ ಪ್ಲಾಸ್ಟಿಕ್ಕಿನ ಮೇಲೆ ಆ ಟೇಪನ್ನು ಎರಡು ಸಲ ಸವರಿ, ಚೀಲವನ್ನು ಮೆತ್ತಗೆ ಮೇಜಿನ ಮೇಲಿಟ್ಟ.

"ಬೋಲ್ಟ್ ನಂದೇ ಸಾರ್," ಎಂದ.

"ಸರಿ. ಇಲ್ಲಿ ಸಹಿ ಹಾಕಿ."

"ಆ ಕಾಗದ ಹರಿದುಹಾಕಿ. ಬೇರೆ ಬರ್ಕೊಳ್ಳಿ. ಎಣ್ಣೆ ಬಸಿಸಿದ್ದು ನಾನು."

ಟೀಚರ್ ಅವನ ತೋಳು ಹಿಡಿದಳು. "ಏನ್ ಮಾತಾಡ್ತಿದೀರಾ? ನೀವು ಬಸ್ಸಲ್ಲಿದ್ರಿ!"

"ನಾನು ಬಸ್ಸಲ್ಲಿದ್ದೆ. ನಾನು ಹೇಳಿ ಮಾಡಿಸಿದೆ."

"ಯಾರ ಕೈಲಿ?" ಇನ್ಸ್‌ಪೆಕ್ಟರ್ ಪೆನ್ನೆತ್ತಿ ಕೇಳಿದರು.

"ಅದು ಹೇಳಲ್ಲ. ತಪ್ಪು ನಂದು, ಬೇರೆ ಯಾರನ್ನೂ ಕರೆಸಬೇಡಿ."

"ಲೋ!" ನಾನು ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಬಿತ್ತು. "ತಲೆ ಕೆಟ್ಟಿದೆಯೇನೋ ನಿನಗೆ? ಕೊಲೆ ಯತ್ನ ಅಂದಿದ್ದು ಕೇಳಿಸ್ತಾ? ಹತ್ತು ವರ್ಷ ಒಳಗಿರಬೇಕಾಗುತ್ತೆ!"

"ಕೇಳಿಸ್ತು."

ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಚಿಕ್ಕವನಿದ್ದಾಗ ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತಿತ್ತು. ಈಗಲೂ ಎರಡು ಕಿವಿಯೂ ಕೆಂಪಾಗಿದ್ದವು. ಇನ್ಸ್‌ಪೆಕ್ಟರಿಗೆ ಅದು ಗೊತ್ತಿರಲಿಲ್ಲ, ಅವರು ಹೊಸ ಹಾಳೆ ತೆಗೆದಾಗಿತ್ತು.

ಬರೆದು ಮುಗಿಸುವವರೆಗೂ ಅವನು ಅಲ್ಲಾಡಲಿಲ್ಲ. ಟೀಚರ್ ಅಳುತ್ತಿದ್ದಳು, ಅವಳ ಕಡೆ ತಿರುಗಲಿಲ್ಲ. ಕಾಗದ ಮುಂದಿಟ್ಟಾಗ ಓದದೆ ಸಹಿ ಹಾಕಿದ. ಆಮೇಲೆ ಎದ್ದು ಬಂದು, ಪೊಲೀಸಿನವನು ಹೆಗಲ ಮೇಲೆ ಕೈಯಿಡುವ ಮೊದಲು, ಜೀವಮಾನದಲ್ಲಿ ಮೊದಲ ಬಾರಿಗೆ ಬಗ್ಗಿ ನನ್ನ ಎರಡೂ ಪಾದ ಹಿಡಿದುಕೊಂಡ.

"ಅಕ್ಕಾ," ಎಂದ, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ. "ನೀನು ಹುಡುಕಿದ್ರೆ ಸಿಕ್ಕೇ ಸಿಗುತ್ತೆ, ನನಗೆ ಗೊತ್ತು. ಹುಡುಕಬೇಡ."